ಬಲೆ ತುಂಬ ನೊಣ, ಹಣ್ಣಿನೊಳಗೆ ಹುಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾವಿನ ತೋಟದಲ್ಲಿ ಎಕರೆಗೆ ಆರರಂತೆ ಮೀಥೈಲ್ ಯೂಜಿನಾಲ್ ಬಲೆ ಕಟ್ಟಿದ್ದೇವೆ. ಊಜಿ ನೊಣಗಳು (ಹಣ್ಣಿನ ನೊಣ) ಹಿಡಿಗಟ್ಟಲೆ ಬೀಳುತ್ತಿವೆ. ಆದರೂ ಹಣ್ಣು ಕೊಯ್ದರೆ ಒಳಗೆ ಹುಳು. ಬಲೆಯಲ್ಲಿ ದೋಷವಿದೆಯೇ?

ಉತ್ತರ: ಬಲೆ ಸರಿಯಾಗಿಯೇ ಇದೆ. ಆದರೆ ಮೀಥೈಲ್ ಯೂಜಿನಾಲ್ ಗಂಡನ್ನು ಸೆಳೆಯುವ ವಾಸನೆಯ ಆಮಿಷ, ಅದಕ್ಕೆ ಬೀಳುವುದು ಹೆಚ್ಚುಕಡಿಮೆ ಗಂಡು ನೊಣಗಳೇ. ಬಿದ್ದವನ್ನು ಬಿಳಿ ಹಾಳೆಯ ಮೇಲೆ ಸುರಿದು ಹೊಟ್ಟೆಯ ತುದಿ ನೋಡಿ, ಮೊಂಡಾಗಿರುತ್ತದೆ. ಹೆಣ್ಣಿಗಾದರೆ ಅಲ್ಲಿ ಸೂಜಿಯಂಥ ಚೂಪು ಇರುತ್ತದೆ. ಸಿಪ್ಪೆ ಚುಚ್ಚಿ ಮೊಟ್ಟೆಯಿಡುವುದು ಆ ಸೂಜಿಯಿಂದ. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುವುದರಿಂದ ನೂರಕ್ಕೆ ಎಂಬತ್ತು ಗಂಡು ಸತ್ತರೂ ಉಳಿದ ಇಪ್ಪತ್ತೇ ಸಾಕು. ಜೊತೆಗೆ, ಪಕ್ಕದ ತೋಟದಲ್ಲಿ ಆಗಲೇ ಕೂಡಿದ ಹೆಣ್ಣು ಹಾರಿ ಬಂದರೆ ನಿಮ್ಮ ಬಲೆಗೆ ಅದರ ಸುಳಿವೂ ಸಿಗುವುದಿಲ್ಲ. ಪೆಸಿಫಿಕ್‌ನ ರೋಟಾ ದ್ವೀಪದಲ್ಲಿ 1960ರ ದಶಕದಲ್ಲಿ ಇದೇ ಆಮಿಷದಿಂದ ಗಂಡುಗಳನ್ನು ಕೊಂದು ನೊಣವನ್ನೇ ನಿರ್ಮೂಲ ಮಾಡಿದ್ದುಂಟು. ಸುತ್ತ ಸಮುದ್ರವಿದ್ದುದರಿಂದ ಹೊರಗಿನ ನೊಣ ಸುಲಭವಾಗಿ ಬರುವಂತಿರಲಿಲ್ಲ. ನಿಮ್ಮ ತೋಟಕ್ಕೆ ಆ ಅನುಕೂಲವಿಲ್ಲ.

ಹಾಗೆಂದು ಬಲೆ ಬಿಚ್ಚಬೇಡಿ. ಎಕರೆಗೆ ಹತ್ತಕ್ಕೆ ಏರಿಸಿ, ಕೊಯ್ಲಿಗೆ ಆರರಿಂದ ಎಂಟು ವಾರ ಮೊದಲೇ ಕಟ್ಟಿ. ಕಾಯಿ ಬಣ್ಣ ತಿರುಗಿದ ಮೇಲೆ ಕಟ್ಟುವುದು ತೀರಾ ತಡ. ಬಲೆಯೊಳಗೆ ಇಡುವ, 5 ಸೆಂ.ಮೀ. ಚೌಕದ, 1 ಸೆಂ.ಮೀ. ದಪ್ಪದ ಪ್ಲೈವುಡ್ ತುಂಡನ್ನು ಇಥನಾಲ್ 6, ಮೀಥೈಲ್ ಯೂಜಿನಾಲ್ 4, ಕೀಟನಾಶಕ ಮೆಲಾಥಿಯಾನ್ 1 ಪಾಲಿನ ಮಿಶ್ರಣದಲ್ಲಿ ಕನಿಷ್ಠ 48 ಗಂಟೆ ನೆನೆಸಬೇಕು. ಅವಸರದಲ್ಲಿ ಅದ್ದಿ ತೆಗೆದ ತುಂಡು ಬೇಗ ಸಪ್ಪೆಯಾಗುತ್ತದೆ. ಬಲೆ ನೆರಳಿನಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರಲಿ. ತೂಗುವ ತಂತಿಗೆ ಗ್ರೀಸ್ ಹಚ್ಚಿ. ಇಲ್ಲವಾದರೆ ಸತ್ತ ನೊಣಗಳನ್ನು ಇರುವೆ ಹೊತ್ತೊಯ್ದು, ಬಲೆ ಖಾಲಿಯಿದೆ, ಕಾಟ ಕಡಿಮೆಯಾಯಿತು ಎಂದು ನೀವು ಮೋಸಹೋಗುತ್ತೀರಿ.

ಹೆಣ್ಣನ್ನು ಹಿಡಿಯುವ ದಾರಿ ಅದರ ಹಸಿವು. ಕೋಶದಿಂದ ಹೊರಬಂದ ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ ಬಲಿಯಲು ವಾರಕ್ಕೂ ಹೆಚ್ಚು ದಿನ ಬೇಕು, ಅದಕ್ಕೆ ಪ್ರೋಟೀನ್ ಬೇಕು. ಹಕ್ಕಿಯ ಹಿಕ್ಕೆ, ಎಲೆಯ ಮೇಲಿನ ಬ್ಯಾಕ್ಟೀರಿಯಾ, ಸಿಕ್ಕಿದ್ದನ್ನು ನೆಕ್ಕುತ್ತದೆ. ಆ ದಿನಗಳಲ್ಲಿ ವಿಷದ ಆಮಿಷ ಇಡಬೇಕು. ಪ್ರೋಟೀನ್ ಹೈಡ್ರೊಲೈಸೇಟ್ (ಒಡೆದು ಕರಗುವಂತೆ ಮಾಡಿದ ಪ್ರೋಟೀನ್) ಸಿಕ್ಕರೆ ಅದೇ ಉತ್ತಮ. ಇಲ್ಲದಿದ್ದರೆ ಲೀಟರ್ ನೀರಿಗೆ 10 ಗ್ರಾಂ ಬೆಲ್ಲ, ಜೊತೆಗೆ ಆ ಬೆಳೆಗೆ ಅನುಮತಿಯಿರುವ ಕೀಟನಾಶಕ. ಬೆಲ್ಲಕ್ಕೆ ಸೆಳೆತ ಕಡಿಮೆ ಎಂಬುದು ನೆನಪಿರಲಿ. ಇದನ್ನು ಮಂಜಿನಂತೆ ಇಡೀ ಮರಕ್ಕೆ ಹೊಡೆಯುವುದೇ ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ಜೇನು ಸಾಯುತ್ತದೆ, ಹಣ್ಣಿನಲ್ಲಿ ವಿಷ ಉಳಿಯುತ್ತದೆ. ಪ್ರತಿ ಮರದ ಕೆಳಗಿನ ಎಲೆಗಳಲ್ಲಿ ಒಂದು ಚದರ ಮೀಟರ್ ಜಾಗ ಸಾಕು. ಎಲೆಯ ಅಡಿಭಾಗಕ್ಕೆ ದಪ್ಪ ಹನಿಯಾಗಿ, ಬೆಳಗಿನ ಹೊತ್ತು, ವಾರ ಹತ್ತು ದಿನಕ್ಕೊಮ್ಮೆ ಸಿಂಪಡಿಸಿ. ಮಳೆ ಬಂದರೆ ಮತ್ತೆ ಹೊಡೆಯಬೇಕು. ಹೂ ಬಿಟ್ಟಿರುವಾಗ ಬೇಡವೇ ಬೇಡ. ಆ ಬೆಳೆಗೆ ಆ ಔಷಧಿಗೆ ಅನುಮತಿ ಇದೆಯೇ, ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಎಂಬುದನ್ನು ಡಬ್ಬಿಯ ಚೀಟಿಯಲ್ಲಿ ಓದಿಯೇ ಬಳಸಿ.

ಪ್ರಶ್ನೆ: ಉದುರಿದ ಹಣ್ಣುಗಳನ್ನು ಗೊಬ್ಬರದ ಗುಂಡಿಗೆ ಹಾಕುತ್ತೇವೆ. ಸಾಲದೇ?

ಉತ್ತರ: ಸಾಲದು. ಬಲಿತ ಹುಳುವಿಗೆ ಹಣ್ಣು ಬೇಕಿಲ್ಲ, ಮಣ್ಣು ಬೇಕು. ಉದುರಿದ ಹಣ್ಣೊಂದನ್ನು ಸೀಳಿ ತಟ್ಟೆಯಲ್ಲಿಟ್ಟು ನೋಡಿ: ಬಾಯಿಯ ಕೊಕ್ಕೆಯಿಂದ ತನ್ನ ಬಾಲವನ್ನೇ ಹಿಡಿದು ಬಳೆಯಂತೆ ಬಾಗುತ್ತದೆ, ಪಟ್ಟನೆ ಬಿಟ್ಟು ಗೇಣು ದೂರ ಚಿಮ್ಮುತ್ತದೆ. ಹಾಗೆ ಚಿಮ್ಮಿ ಮಣ್ಣು ಸೇರಿ, ಎರಡರಿಂದ ಐದು ಸೆಂ.ಮೀ. ಆಳದಲ್ಲಿ ಭತ್ತದ ಕಾಳಿಗಿಂತ ಚಿಕ್ಕದಾದ ಕಂದು ಕೋಶವಾಗುತ್ತದೆ. ಸುಮಾರು ಹತ್ತು ದಿನಕ್ಕೆ ನೊಣ. ತೆರೆದ ಗುಂಡಿಯಲ್ಲಿ ನೀವು ಅವನ್ನು ಒಂದೆಡೆ ಸೇರಿಸಿ ಸಾಕಿದಂತಾಗುತ್ತದೆ.

ಹಣ್ಣುಗಳನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ನೇರ ಬಿಸಿಲಿನಲ್ಲಿ ಹತ್ತು ದಿನ ಬಿಡಿ. ತೆಳು ಚೀಲ ಹರಿದರೆ ಶ್ರಮವೆಲ್ಲ ವ್ಯರ್ಥ. ಹೂಳುವುದಾದರೆ ಮೇಲೆ ಎರಡು ಅಡಿ ಮಣ್ಣು ತುಳಿದು ಗಟ್ಟಿಯಾಗಿ ಕೂರಬೇಕು. ಆಯುವುದು ದಿನವೂ ಆಗಬೇಕು. ಮೊಟ್ಟೆಯಿಂದ ಬಲಿತ ಹುಳುವಾಗಲು ವಾರ ಹತ್ತು ದಿನ ಸಾಕು, ಆ ಅವಧಿಯ ಕೊನೆಗೇ ಹಣ್ಣು ಉದುರುವುದು ಹೆಚ್ಚು. ಭಾನುವಾರಕ್ಕೊಮ್ಮೆ ಆಯ್ದರೆ ಅರ್ಧ ಹುಳು ಆಗಲೇ ಮಣ್ಣಿನಲ್ಲಿರುತ್ತದೆ. ಮರದ ಬುಡದ ಮಣ್ಣನ್ನು ಬೇರಿಗೆ ಪೆಟ್ಟಾಗದಂತೆ ಮೇಲುಮೇಲೆ ಕೆದಕಿದರೆ ಕೋಶಗಳು ಬಿಸಿಲಿಗೆ, ಇರುವೆಗೆ, ಕೋಳಿಗೆ ಸಿಗುತ್ತವೆ. ಇಷ್ಟೆಲ್ಲದರಲ್ಲಿ ಒಂದನ್ನೇ ಮಾಡಲು ಸಾಧ್ಯ ಎನ್ನುವವರಿಗೆ ನಮ್ಮ ಸಲಹೆ ಉದುರಿದ ಹಣ್ಣು ಆಯುವುದೇ.

ಪ್ರಶ್ನೆ: ಸೀಬೆಗೆ ಕಾಗದದ ಚೀಲ ಕಟ್ಟಿದರೂ ಒಳಗೆ ಹುಳು ಬಂದಿದೆ. ಹೇಗೆ?

ಉತ್ತರ: ಚೀಲ ಕಟ್ಟುವ ಮೊದಲೇ ನೊಣ ಚುಚ್ಚಿರಬೇಕು. ಕಾಯಿ ನಿಂಬೆ ಗಾತ್ರಕ್ಕೆ ಬರುವಷ್ಟರಲ್ಲಿ ಕಟ್ಟಿ ಮುಗಿಸಿ. ಕಟ್ಟುವಾಗ ಪ್ರತಿ ಕಾಯಿಯನ್ನೂ ತಿರುಗಿಸಿ ನೋಡಿ, ಸೂಜಿಮೊನೆಯಷ್ಟು ಕಪ್ಪು ಚುಕ್ಕೆ, ಅಂಟಿನ ಹನಿ ಕಂಡರೆ ಕಿತ್ತುಬಿಡಿ. ಇನ್ನೊಂದು ಕಾರಣ, ಬಿಗಿ ಚೀಲ. ಕಾಯಿ ದಪ್ಪಗಾಗಿ ಕಾಗದಕ್ಕೆ ಒತ್ತಿಕೊಂಡರೆ ಹೆಣ್ಣು ನೊಣ ಕಾಗದದ ಮೇಲಿಂದಲೇ ಚುಚ್ಚುತ್ತದೆ. ಸಡಿಲವಾದ ಎರಡು ಪದರದ ಚೀಲ, ತೊಟ್ಟಿನ ಬಳಿ ಬಿಗಿ ಗಂಟು.

ಪ್ರಶ್ನೆ: ಹೀರೆ, ಹಾಗಲದ ಚಪ್ಪರಕ್ಕೆ ಮಾವಿನದೇ ಬಲೆ ಕಟ್ಟಿದೆ. ಒಂದೂ ಬಿದ್ದಿಲ್ಲ, ಕಾಯಿ ಮಾತ್ರ ಕೊಳೆಯುತ್ತಿದೆ.

ಉತ್ತರ: ಬಳ್ಳಿ ತರಕಾರಿಗೆ ಬರುವ ನೊಣವೇ ಬೇರೆ, ಮೀಥೈಲ್ ಯೂಜಿನಾಲ್ ಅದಕ್ಕೆ ಬೇಡ. ಈ ನೊಣದ ಗಂಡನ್ನು ಸೆಳೆಯುವ ಆಮಿಷವಾದ ಕ್ಯೂ ಲ್ಯೂರ್ ತುಂಡು ಹಾಕಿ. ಈ ನೊಣ ಚಪ್ಪರದಲ್ಲಿ ಮೊಟ್ಟೆಯಿಟ್ಟು, ಉಳಿದ ಹೊತ್ತು ಅಂಚಿನ ಎತ್ತರದ ಗಿಡಗಳಲ್ಲಿ ತಂಗುತ್ತದೆ. ಆದ್ದರಿಂದ ಸುತ್ತ ಒಂದೆರಡು ಸಾಲು ಮೆಕ್ಕೆಜೋಳ ಹಾಕಿ, ಆಮಿಷದ ದ್ರಾವಣವನ್ನು ಆ ಜೋಳದ ಎಲೆಗೆ ಹೊಡೆಯಿರಿ. ತಿನ್ನುವ ಕಾಯಿಗೆ ಔಷಧಿ ಮುಟ್ಟುವ ಪ್ರಮೇಯವೇ ಬರುವುದಿಲ್ಲ.

ಪ್ರಶ್ನೆ: ಕೊಯ್ದ ಮಾವಿಗೆ ಬಿಸಿನೀರಿನ ಉಪಚಾರ ಹೇಗೆ?

ಉತ್ತರ: ಒಳಗಿನ ಮೊಟ್ಟೆ, ಹುಳು ಸಾಯಲು 48 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ 60 ನಿಮಿಷ, ಕೊಯ್ದ 24 ಗಂಟೆಯೊಳಗೆ. ಹಣ್ಣು ಇಳಿಸಿದೊಡನೆ ನೀರಿನ ಬಿಸಿ ಇಳಿಯುತ್ತದೆ. ಅದು ಮತ್ತೆ 48ಕ್ಕೆ ಏರಿದ ಮೇಲೆಯೇ ಗಡಿಯಾರ ನೋಡಲು ಶುರು ಮಾಡಿ. ತೇಲುವ ಹಣ್ಣನ್ನು ಜಾಲರಿಯಿಂದ ಅದುಮಿಡಿ, ನೀರು ಸದಾ ತಿರುಗುತ್ತಿರಲಿ, ಉಷ್ಣಮಾಪಕ ಹಣ್ಣುಗಳ ನಡುವೆ ಇರಲಿ. ಬಲಿಯದ ಕಾಯಿ ಈ ಬಿಸಿ ತಾಳದೆ ತೊಟ್ಟಿನ ಸುತ್ತ ಕುಗ್ಗುತ್ತದೆ. ಮೊಟ್ಟೆ, ಹುಳು ಸತ್ತರೂ ಹಣ್ಣಿನೊಳಗೇ ಉಳಿಯುವುದರಿಂದ ಚುಚ್ಚುಗುರುತಿನ ಹಣ್ಣನ್ನು ನೀರಿಗೆ ಇಳಿಸುವ ಮೊದಲೇ ಬೇರೆ ಮಾಡಿ.