ಟೈಟಲ್ ಡೀಡ್ ಕೈಯಲ್ಲಿದ್ದರೂ ಜಮೀನು ಹೋಗುವುದು ಹೇಗೆ?

ಪ್ರಶ್ನೆ: ನಾನು ಉಡುಪಿ ಕಡೆಯವನು, ನೈರೋಬಿಯಲ್ಲಿ ಕೆಲಸದಲ್ಲಿದ್ದೇನೆ. ಮೊಂಬಾಸಾದಲ್ಲಿ ಕಡಲ ಹತ್ತಿರ ಒಂದು ಸೈಟು ನೋಡಿದ್ದೇನೆ. ಮಾರುವವರ ಬಳಿ ಟೈಟಲ್ ಡೀಡ್, ಅಂದರೆ ಮಾಲೀಕತ್ವದ ಪತ್ರ ಇದೆ. ಭೂ ನೋಂದಣಿ ಕಚೇರಿಯಲ್ಲಿ ಸರ್ಚ್ ಮಾಡಿಸಿದೆ, ಅವರ ಹೆಸರೇ ಬಂತು. ಆದರೂ ಇಲ್ಲಿನ ಗೆಳೆಯರು ಬೇಡ ಅಂತಾರೆ. ಇಷ್ಟು ಸಾಲದೇ ಸರ್?

ಉತ್ತರ: ಸಾಲದು. ಇವತ್ತು ರಿಜಿಸ್ಟರಿನಲ್ಲಿ ಯಾರ ಹೆಸರಿದೆ ಅಂತ ಮಾತ್ರ ಸರ್ಚ್ ಹೇಳುತ್ತದೆ. ಆ ಜಮೀನು ಮೊಟ್ಟಮೊದಲು ಸರ್ಕಾರದಿಂದ ಖಾಸಗಿಯವರಿಗೆ ಹೇಗೆ ಹೋಯಿತು ಅನ್ನುವುದನ್ನು ಹೇಳುವುದಿಲ್ಲ. ಕೀನ್ಯಾದಲ್ಲಿ ತಕರಾರು ಹುಟ್ಟುವುದೇ ಅಲ್ಲಿ.

ನಿಮ್ಮ ಮೊಂಬಾಸಾದ್ದೇ ಒಂದು ಪ್ರಕರಣ ಇದೆ. ನ್ಯಾಲಿಯ ಕಡಲ ದಂಡೆಯಲ್ಲಿ ಡೀನಾ ಮ್ಯಾನೇಜ್‌ಮೆಂಟ್ ಎಂಬ ಕಂಪನಿ ಜಮೀನು ಕೊಂಡಿತ್ತು. ಹಣ ಕೊಟ್ಟು, ನೋಂದಣಿ ಮಾಡಿಸಿಕೊಂಡು, ಕಾಂಪೌಂಡ್ ಕಟ್ಟಿತ್ತು. 2017ರಲ್ಲಿ ಮೊಂಬಾಸಾ ಕೌಂಟಿ ಸರ್ಕಾರದವರು ಬಂದು, ಇದು ಜನ ಕಡಲಿಗೆ ಹೋಗುವ ದಾರಿ ಅಂತ ಗೋಡೆ ಕೆಡವಿದರು. ಕಂಪನಿ ಕೋರ್ಟಿಗೆ ಹೋಯಿತು. 2023ರ ಏಪ್ರಿಲ್‌ನಲ್ಲಿ ಕೀನ್ಯಾದ ಸುಪ್ರೀಂ ಕೋರ್ಟ್ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ಆ ಜಾಗ 1989ರಲ್ಲಿ ಆಗಿನ ಅಧ್ಯಕ್ಷ ಡೇನಿಯಲ್ ಅರಪ್ ಮೊಯ್ ಅವರ ಹೆಸರಿಗೆ ಮಂಜೂರಾಗಿತ್ತು. ಸಾರ್ವಜನಿಕ ಜಾಗವನ್ನು ಮಂಜೂರು ಮಾಡುವಾಗ ಕಾನೂನಿನ ಕ್ರಮ ಪಾಲಿಸಿರಲಿಲ್ಲ, ಹಾಗಾಗಿ ಆಮೇಲೆ ಕೊಂಡವರಿಗೂ ಹಕ್ಕು ಬರಲಿಲ್ಲ ಎಂದಿತು ಕೋರ್ಟ್. ನಾನು ಗೊತ್ತಿಲ್ಲದೆ, ಒಳ್ಳೆಯ ಮನಸ್ಸಿನಿಂದ ಕೊಂಡೆ ಅನ್ನುವ ವಾದ ನಿಲ್ಲಲಿಲ್ಲ. ಅಕ್ರಮವಾಗಿ ಪಡೆದದ್ದು ಎಂದು ಸಾಬೀತಾದ ಆಸ್ತಿಗೆ ರಕ್ಷಣೆ ಇಲ್ಲ ಎಂದು 2010ರ ಸಂವಿಧಾನದಲ್ಲೇ ಬರೆದಿದೆ.

ನನಗೆ ಕೇಳಿದರೆ ಇದು ಸರಿಯಾದ ತೀರ್ಪು. ಕೊಂಡವರಿಗೆ ನೋವಾಗುತ್ತದೆ, ನಿಜ. ಆದರೆ ನಾಲ್ಕು ಕೈ ಬದಲಾದ ಕೂಡಲೇ ಕದ್ದ ಮಾಲು ಸಕ್ರಮವಾಗುವುದಾದರೆ ಊರಿಗೊಂದು ಆಟದ ಮೈದಾನವೂ ಉಳಿಯುವುದಿಲ್ಲ. 2015ರ ಜನವರಿಯಲ್ಲಿ ನೈರೋಬಿಯ ಲಂಗಾಟಾ ರೋಡ್ ಪ್ರಾಥಮಿಕ ಶಾಲೆಯ ಮಕ್ಕಳು ರಜೆ ಮುಗಿಸಿ ಬಂದಾಗ ಅವರ ಮೈದಾನಕ್ಕೆ ಅಡ್ಡಲಾಗಿ ಗೋಡೆ ಎದ್ದಿತ್ತು. ಗೋಡೆ ಬೀಳಿಸಲು ಹೋದ ಯೂನಿಫಾರ್ಮಿನ ಮಕ್ಕಳ ಮೇಲೆ ಪೊಲೀಸರು ಅಶ್ರುವಾಯು ಹಾರಿಸಿದರು. ಆ ಫೋಟೋಗಳನ್ನು ಲೋಕವೇ ನೋಡಿತು.

ಇದೆಲ್ಲ ಒಂದೆರಡು ದಿನದ ಕೆಲಸವಲ್ಲ. ಸಾರ್ವಜನಿಕ ಜಮೀನಿನ ಅಕ್ರಮ ಮಂಜೂರಾತಿಯ ತನಿಖೆಗೆ 2003ರಲ್ಲಿ ನೇಮಕವಾದ ಪಾಲ್ ಎನ್‌ಡುಂಗು ಆಯೋಗ ಮರುವರ್ಷ ಕೊಟ್ಟ ವರದಿಯ ಅಂದಾಜಿನಲ್ಲಿ, 1962ರಿಂದ 2002ರವರೆಗೆ ಹೊರಬಿದ್ದ ಅಕ್ರಮ ಟೈಟಲ್‌ಗಳು ಸುಮಾರು 2 ಲಕ್ಷ. ನಡೆಯುತ್ತಿದ್ದುದು ಹೀಗೆ: ಪ್ರಭಾವ ಇರುವವರಿಗೆ ಒಂದು ಅಲಾಟ್‌ಮೆಂಟ್ (ಮಂಜೂರಾತಿ) ಪತ್ರ ಸಿಗುತ್ತಿತ್ತು. ಕಟ್ಟಬೇಕಾದ ಹಣ ಕಟ್ಟುವ ಮೊದಲೇ ಅವರು ಆ ಪತ್ರವನ್ನೇ ಮಾರುತ್ತಿದ್ದರು. ಕೆಲವು ಸಲ ಕೊಳ್ಳುತ್ತಿದ್ದುದು ಸರ್ಕಾರಿ ನಿಗಮಗಳೇ, ಅದೂ ಮಿತಿಮೀರಿದ ಬೆಲೆಗೆ. ಅಂದರೆ ಜನರ ಜಮೀನನ್ನು ಜನರ ದುಡ್ಡಿನಿಂದಲೇ ಮರಳಿ ಕೊಳ್ಳುವುದು.

ಈಗ ನಿಮ್ಮ ಸೈಟಿನ ವಿಷಯ. ನೀವು ಕೀನ್ಯಾ ಪ್ರಜೆ ಅಲ್ಲದಿದ್ದರೆ 99 ವರ್ಷದ ಲೀಸ್ ಮಾತ್ರ ಸಿಗುತ್ತದೆ, ಅದಕ್ಕಿಂತ ಜಾಸ್ತಿ ಕೊಡಿಸುತ್ತೇನೆ ಅಂದವರನ್ನು ನಂಬಬೇಡಿ. ಕೃಷಿ ಜಮೀನಿನ ತಂಟೆಗೆ ಹೋಗಲೇಬೇಡಿ, ಅದಕ್ಕೆ ಬೇರೆಯೇ ಕಟ್ಟುಪಾಡುಗಳಿವೆ. ಸ್ವಂತ ವಕೀಲರನ್ನು ಇಟ್ಟುಕೊಳ್ಳಿ. ಮಾರುವವರು ತೋರಿಸಿದ ವಕೀಲರು ಬೇಡ. ಮೊದಲ ಮಂಜೂರಾತಿಯವರೆಗಿನ ಪೂರ್ತಿ ಫೈಲು ತೆಗೆಸಲು ಹೇಳಿ: ಅಲಾಟ್‌ಮೆಂಟ್ ಪತ್ರ, ಆಗ ಹಣ ಕಟ್ಟಿದ ರಸೀದಿ, ಅದಕ್ಕೂ ಮುಂಚಿನ ಯೋಜನಾ ನಕ್ಷೆ. ಆ ನಕ್ಷೆಯಲ್ಲಿ ಈ ಜಾಗವನ್ನು ಏನೆಂದು ಗುರುತಿಸಿದ್ದಾರೆ ಅನ್ನುವುದೇ ಮುಖ್ಯ. ರಸ್ತೆ, ಪಾರ್ಕು, ಕಡಲ ದಾರಿ ಅಂತಿದ್ದರೆ ಅಲ್ಲಿಗೆ ಕೈಬಿಡಿ. ಲೈಸೆನ್ಸ್ ಇರುವ ಸರ್ವೆಯರ್ ಕರೆದುಕೊಂಡು ಹೋಗಿ ಗಡಿ ಕಲ್ಲು ನೋಡಿ. ಅಕ್ಕಪಕ್ಕದವರನ್ನೂ, ಮೀನುಗಾರರನ್ನೂ ಕೇಳಿ. ಕಡಲಿಗೆ ಇಳಿಯುವ ಹಳೆಯ ದಾರಿ ಎಲ್ಲಿತ್ತು ಅಂತ ಯಾವ ಕಚೇರಿಗಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತದೆ.

ಪ್ರಶ್ನೆ: ಬೆಂಗಳೂರಿನ ಕರುತುರಿ ಗ್ಲೋಬಲ್ ಕಂಪನಿಗೆ ಇಥಿಯೋಪಿಯಾದಲ್ಲಿ ಕೃಷಿಗೆ ಲಕ್ಷ ಹೆಕ್ಟೇರ್ ಗುತ್ತಿಗೆ ಸಿಕ್ಕಿತ್ತಲ್ವಾ? ಅದರಲ್ಲೂ ಲಂಚ ನಡೆದಿತ್ತಾ? ಗುತ್ತಿಗೆ ರದ್ದಾದ ಮೇಲೆ ಅಲ್ಲಿನ ಜನರಿಗೆ ಜಮೀನು ವಾಪಸ್ ಬಂತಾ?

ಉತ್ತರ: ಇಲ್ಲಿ ಲಂಚಕ್ಕಿಂತ ಕಾನೂನನ್ನೇ ನೋಡಬೇಕು. ಇಥಿಯೋಪಿಯಾದಲ್ಲಿ ಜಮೀನನ್ನು ಮಾರುವಂತಿಲ್ಲ. ಅದು ಸರ್ಕಾರದ್ದು ಮತ್ತು ಜನರದ್ದು ಎನ್ನುತ್ತದೆ ಸಂವಿಧಾನ. ರೈತರಿಗೂ ದನಗಾಹಿಗಳಿಗೂ ಒಕ್ಕಲೆಬ್ಬಿಸದಂತೆ ರಕ್ಷಣೆಯ ಮಾತೂ ಅದರಲ್ಲಿದೆ. ಎತ್ತರದ ಪ್ರದೇಶಗಳ ಲಕ್ಷಾಂತರ ರೈತ ಕುಟುಂಬಗಳಿಗೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಪ್ರಮಾಣಪತ್ರ ಕೊಟ್ಟರು, ಅದು ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಪಶ್ಚಿಮದ ಗಂಬೆಲಾದಲ್ಲಿ ಅನುವಾಕ್ ಜನ ಹಿಂದಿನಿಂದ ನಡೆಸಿಕೊಂಡು ಬಂದ ಹಕ್ಕಿಗೆ ಅಂಥ ಕಾಗದ ಇರಲಿಲ್ಲ. ಅವರು ಪ್ರವಾಹ ಇಳಿದ ಮೇಲೆ ಹೊಳೆ ದಂಡೆಯಲ್ಲಿ ಜೋಳ ಬೆಳೆಯುವವರು. ಒಂದು ಕಡೆ ಬಿತ್ತಿ, ಆಮೇಲೆ ವರ್ಷಗಟ್ಟಲೆ ಬೀಳು ಬಿಡುವವರು. ಅಡಿಸ್ ಅಬಾಬಾದ ಕಡತದಲ್ಲಿ ಆ ಬೀಳು ಖಾಲಿ ಜಮೀನಾಯಿತು. 2010ರಲ್ಲಿ ಕಂಪನಿಗೆ ಲಕ್ಷ ಹೆಕ್ಟೇರ್ ಗುತ್ತಿಗೆಯಾಯಿತು. ಬಾಡಿಗೆ ಹೆಕ್ಟೇರಿಗೆ ವರ್ಷಕ್ಕೆ 20 ಬಿರ್ (ಇಥಿಯೋಪಿಯಾದ ಹಣ). ಅದೇ ಹೊತ್ತಿಗೆ ಗಂಬೆಲಾದಲ್ಲಿ ಜನರನ್ನು ಹೊಸ ಹಳ್ಳಿಗಳಿಗೆ ಸಾಗಿಸುವ ಕಾರ್ಯಕ್ರಮ ನಡೆಯಿತು. ಜನ ಒಪ್ಪಿಯೇ ಹೋದರು, ಗುತ್ತಿಗೆಗೂ ಇದಕ್ಕೂ ಸಂಬಂಧ ಇಲ್ಲ ಎಂದಿತು ಸರ್ಕಾರ. ಬಲವಂತದಿಂದ ಸಾಗಿಸಿದರು ಎಂದಿತು ಮಾನವ ಹಕ್ಕುಗಳ ಸಂಸ್ಥೆ ಹ್ಯೂಮನ್ ರೈಟ್ಸ್ ವಾಚ್, 2012ರ ವರದಿಯಲ್ಲಿ.

2011ರಲ್ಲಿ ಗಂಬೆಲಾದ ಬಾರೋ ನದಿ ಉಕ್ಕಿ ಕಂಪನಿಯ ಬೆಳೆ ಮುಳುಗಿತು. 2015ರ ಡಿಸೆಂಬರ್‌ನಲ್ಲಿ, ಕೇವಲ 1,200 ಹೆಕ್ಟೇರ್ ಮಾತ್ರ ಅಭಿವೃದ್ಧಿಯಾಗಿದೆ ಎಂಬ ಕಾರಣ ಕೊಟ್ಟು ಸರ್ಕಾರ ಗುತ್ತಿಗೆ ರದ್ದು ಮಾಡಿತು. ಕಂಪನಿ ಇದನ್ನು ಒಪ್ಪಲಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಬಂದರೆ, ಗುತ್ತಿಗೆ ರದ್ದಾದಾಗ ಕಾನೂನಿನ ಪ್ರಕಾರ ಜಮೀನು ಮರಳುವುದು ಸರ್ಕಾರಕ್ಕೆ, ಊರಿಗಲ್ಲ. ಕೀನ್ಯಾದಲ್ಲಿ 2016ರ ಸಮುದಾಯ ಭೂ ಕಾಯ್ದೆ ಬಂದ ಮೇಲೆ ಒಂದು ಸಮುದಾಯ ತನ್ನ ಮೇವಿನ ಜಮೀನನ್ನು ತನ್ನದೇ ಹೆಸರಿಗೆ ನೋಂದಾಯಿಸಿಕೊಳ್ಳಬಹುದು. ಕೆಲಸ ತುಂಬ ನಿಧಾನವಾಗಿ ಸಾಗಿದೆ, ಆದರೂ ದಾರಿ ಅಂತ ಒಂದಿದೆ. ಗಂಬೆಲಾದ ಗುತ್ತಿಗೆಗೆ ಸಹಿ ಬೀಳುವಾಗ ಅನುವಾಕ್ ಜನರ ಮುಂದೆ ಅಂಥದ್ದೊಂದು ದಾರಿ ಇರಲಿಲ್ಲ.