ವಾಹನ ಪ್ರಶ್ನೋತ್ತರ: ಏರ್‌ಬಾಕ್ಸಿನ ಬಾಯಿ ಏಕೆ ಕಿರಿದು?

ಪ್ರಶ್ನೆ: ನನ್ನ ಬಳಿ 150 ಸಿಸಿಯ, ಫ್ಯೂಯೆಲ್ ಇಂಜೆಕ್ಷನ್ ಇರುವ ಬೈಕ್ ಇದೆ. ರೇಸ್ ಬೈಕುಗಳಲ್ಲಿ ಏರ್‌ಬಾಕ್ಸ್ ಟ್ಯಾಂಕಿನ ಜಾಗವನ್ನೆಲ್ಲ ತುಂಬಿಕೊಂಡು, ಮುಂದಕ್ಕೆ ಅಗಲವಾಗಿ ಬಾಯಿ ತೆರೆದಿರುತ್ತದೆ. ನನ್ನ ಬೈಕಿನ ಡಬ್ಬಿಗೆ ಎರಡು ಬೆರಳು ಹಿಡಿಸುವಷ್ಟೇ ಬಾಯಿ. ಮುಚ್ಚಳಕ್ಕೆ ತೂತು ಕೊರೆದರೆ ಪಿಕಪ್ ಹೆಚ್ಚುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಇದು ನಿಜವೇ?
— ವಿದ್ಯಾರ್ಥಿ, ಕಲಬುರಗಿ

ಉತ್ತರ: ನಿಮ್ಮ ಗೆಳೆಯರು ಏರ್‌ಬಾಕ್ಸನ್ನು ಫಿಲ್ಟರ್ ಇಡುವ ಡಬ್ಬಿ ಎಂದಷ್ಟೇ ತಿಳಿದಂತಿದೆ. ಅದು ಎಂಜಿನ್ನಿಗೆ ಬೇಕಾದ ಗಾಳಿಯ ದಾಸ್ತಾನು. ನಿಮ್ಮ ಬೈಕಿನ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಸಲ ಗಾಳಿ ಎಳೆಯುತ್ತದೆ. ಥ್ರಾಟಲ್ ಪೂರ್ತಿ ತೆರೆದಿದ್ದರೆ ಪ್ರತಿ ಸಲಕ್ಕೂ ಹೆಚ್ಚುಕಡಿಮೆ ಒಂದು ಲೋಟದಷ್ಟು. ಆದರೆ ಈ ಎಳೆತ ಎಡೆಬಿಡದ ಹರಿವಲ್ಲ. ನಾಲ್ಕು ಸ್ಟ್ರೋಕುಗಳಲ್ಲಿ ಒಂದರಲ್ಲಿ ಗಕ್ಕನೆ ಎಳೆದು, ಉಳಿದ ಹೊತ್ತಿನಲ್ಲಿ ಎಂಜಿನ್ ಗಾಳಿ ಕೇಳುವುದಿಲ್ಲ. ಆ ಒಂದು ಗುಟುಕು ಡಬ್ಬಿಯಲ್ಲಿ ನಿಂತಿರುವ ಗಾಳಿಯಿಂದ ಸಿಗುತ್ತದೆ, ಬಿಡುವಿನಲ್ಲಿ ಕಿರಿದಾದ ಬಾಯಿ ಡಬ್ಬಿಯನ್ನು ಮತ್ತೆ ತುಂಬಿಸುತ್ತದೆ. ಮಾಳಿಗೆಯ ಮೇಲಿನ ನೀರಿನ ಟಾಕಿಗೆ ಅರ್ಧ ಇಂಚಿನ ಪೈಪು ಸಾಕಾಗುವುದೂ ಇದೇ ಲೆಕ್ಕದಲ್ಲಿ.

ಬಾಯಿಯ ಅಳತೆಗೆ ಇನ್ನೊಂದು ಕಾರಣವಿದೆ. ನಲ್ಲಿಯ ಕೆಳಗಿಟ್ಟ ಕೊಡ ತುಂಬುತ್ತಾ ಬಂದಂತೆ ಅದರ ದನಿ ಏರುವುದನ್ನು ಕೇಳಿದ್ದೀರಲ್ಲ, ಒಳಗೆ ಗಾಳಿಯ ಜಾಗ ಕಡಿಮೆಯಾದಷ್ಟೂ ದನಿ ತೆಳುವಾಗುತ್ತದೆ. ಏರ್‌ಬಾಕ್ಸ್ ಕೂಡ ಅಂಥದೇ ಕೊಡ. ಡಬ್ಬಿ ದೊಡ್ಡದಾಗಿ, ಬಾಯಿ ಕಿರಿದಾಗಿ, ಬಾಯಿಗೆ ಸಿಕ್ಕಿಸಿದ ಸೊಂಡಿಲಿನಂತಹ ರಬ್ಬರ್ ಕೊಳವೆ ಉದ್ದವಾದಷ್ಟೂ ಅದರೊಳಗಿನ ಗಾಳಿಯ ಮಿಡಿತ ಕೆಳಗಿನ ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳಿಗೆ) ಹೊಂದುತ್ತದೆ. ಆ ಆರ್‌ಪಿಎಂನಲ್ಲಿ ವಾಲ್ವ್ ತೆರೆದಿರುವಾಗಲೇ ಡಬ್ಬಿಯೊಳಗಿನ ಒತ್ತಡದ ಅಲೆಯೂ ಬಂದು ತಲುಪುವುದರಿಂದ ಸಿಲಿಂಡರ್ ಚೆನ್ನಾಗಿ ತುಂಬುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಜನಸಂದಣಿಯಲ್ಲಿ ಎರಡನೆಯ ಗೇರಿನಲ್ಲಿ ನುಸುಳುವ ಗಾಡಿಗೆ ಬೇಕಾದ ಎಳೆತ ಇರುವುದು ಅಲ್ಲೇ. ನೀವು ತೂತು ಕೊರೆದರೆ ಮಿಡಿತ ಮೇಲಿನ ಆರ್‌ಪಿಎಂಗೆ ಸರಿಯುತ್ತದೆ. ನೀವು ದಿನವೂ ಬಳಸುವ ಆರ್‌ಪಿಎಂನಲ್ಲಿ ಎಳೆತ ಕುಗ್ಗುತ್ತದೆ. ರೇಸ್ ಎಂಜಿನ್ ಮೇಲಿನ ಆರ್‌ಪಿಎಂ ಬಿಟ್ಟು ಇಳಿಯುವುದೇ ಅಪರೂಪ. ಹಾಗಾಗಿ ಅದಕ್ಕೆ ಅಗಲವಾದ ಬಾಯಿ, ಒಂದೊಂದು ಗುಟುಕಿಗೂ ಒತ್ತಡ ಕುಸಿಯದಷ್ಟು ದೊಡ್ಡ ಡಬ್ಬಿ ಎರಡೂ ಒಪ್ಪುತ್ತವೆ. ಮೋಟೊಜಿಪಿ ರೇಸ್ ಬೈಕಿನಲ್ಲಿ ಟ್ಯಾಂಕಿನಂತೆ ಕಾಣುವ ಜಾಗದ ಮುಂಭಾಗದಲ್ಲಿ ಇರುವುದು ಕಾರ್ಬನ್ ಫೈಬರಿನ ಏರ್‌ಬಾಕ್ಸ್. ಪೆಟ್ರೋಲು ಸವಾರನ ಸೀಟಿನ ಕೆಳಗಿನವರೆಗೆ ಹಿಂದಕ್ಕೆ ಸರಿದಿರುತ್ತದೆ. ಬ್ಯಾಟರಿ, ಟೂಲ್ ಕಿಟ್, ಹಿಂದೆ ಕೂರುವವರ ಸೀಟು ಇವನ್ನೆಲ್ಲ ಹೊರಬೇಕಾದ ನಿಮ್ಮ ಬೈಕಿನಲ್ಲಿ ಅಷ್ಟು ಜಾಗ ಎಲ್ಲಿದೆ?

ನಿಮಗೆ ಪಿಕಪ್ ಹೆಚ್ಚಿದಂತೆ ಅನಿಸಬಹುದು, ಏಕೆಂದರೆ ಸದ್ದು ಹೆಚ್ಚುತ್ತದೆ. ಗಾಳಿ ಎಳೆಯುವ ಗೊರಗೊರ ಸದ್ದನ್ನು ಅಡಗಿಸುವುದೂ ರಸ್ತೆ ಬೈಕಿನ ಡಬ್ಬಿಯ ಕೆಲಸ. ಮೇಲಾಗಿ, ತೂತಿನಿಂದ ಒಳಬರುವುದು ಎಂಜಿನ್ನಿನ ಮೇಲೆ ಕಾದ ಗಾಳಿ. 40 ಡಿಗ್ರಿಯ ಗಾಳಿಗಿಂತ 60 ಡಿಗ್ರಿಯ ಗಾಳಿ ಸುಮಾರು ಶೇ. 6ರಷ್ಟು ತೆಳು, ನಮ್ಮ ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 40 ದಾಟಿರುವಾಗ ಇದು ಸಣ್ಣ ನಷ್ಟವಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಹೊಗೆ ನಿಯಮದ ಗಾಡಿಯಾದರೆ, ಸೈಲೆನ್ಸರ್ ಕೊಳವೆಯ ಆಮ್ಲಜನಕ ಸೆನ್ಸರ್ ಪೆಟ್ರೋಲಿನ ಪ್ರಮಾಣವನ್ನು ಸ್ವಲ್ಪಮಟ್ಟಿಗೆ ಸರಿದೂಗಿಸುತ್ತದೆ ನಿಜ, ಆದರೆ ಥ್ರಾಟಲ್ ಪೂರ್ತಿ ತಿರುವಿದಾಗ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಆ ಸೆನ್ಸರನ್ನು ಬದಿಗಿಟ್ಟು ಕಂಪನಿ ಬರೆದ ಲೆಕ್ಕವನ್ನೇ ನಂಬುತ್ತದೆ. ಆ ಲೆಕ್ಕ ತೂತಿಲ್ಲದ ಡಬ್ಬಿಗೆ ಬರೆದದ್ದು. ರೇಸ್ ತಂಡದವರು ಡಬ್ಬಿ ಬದಲಿಸಿದರೆ ಲೆಕ್ಕವನ್ನೂ ಹೊಸದಾಗಿ ಬರೆಯುತ್ತಾರೆ.

ಪ್ರಶ್ನೆ: ನನ್ನದು ಹಳೆಯ ಕಾರ್ಬ್ಯುರೇಟರ್ ಬೈಕ್. ರೇಸ್ ಬೈಕಿನಂತೆ ಹೆಡ್‌ಲೈಟಿನ ಪಕ್ಕದಿಂದ ಏರ್‌ಬಾಕ್ಸಿಗೆ ಕೊಳವೆ ಎಳೆದರೆ ಓಟದ ರಭಸಕ್ಕೆ ಗಾಳಿ ತಾನೇ ನುಗ್ಗಿ ಶಕ್ತಿ ಹೆಚ್ಚುವುದಿಲ್ಲವೇ?
— ಓದುಗರೊಬ್ಬರು, ಹುಮನಾಬಾದ್

ಉತ್ತರ: ಇದಕ್ಕೆ ರ‍್ಯಾಮ್ ಏರ್ ಎನ್ನುತ್ತಾರೆ. ರಸ್ತೆಗೆ ಮಾರಿದ ಬೈಕುಗಳಲ್ಲಿ ಇದನ್ನು ಮೊದಲು ತಂದದ್ದು 1990ರ ಕಾವಾಸಾಕಿ ಝಡ್‌ಝಡ್‌ಆರ್ 1100. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 300 ಕಿ.ಮೀ. ವೇಗದಲ್ಲಿ ಡಬ್ಬಿಯೊಳಗೆ ಹೆಚ್ಚೆಂದರೆ ಶೇ. 4ರಷ್ಟು ಒತ್ತಡ ಕೂಡಿಕೊಳ್ಳುತ್ತದೆ, ಅದೂ ಡಬ್ಬಿಯ ಎಲ್ಲ ಕೂಡುಗಳೂ ಸಂದಿಲ್ಲದಂತೆ ಬಿಗಿದಿದ್ದರೆ ಮಾತ್ರ. ಹುಮನಾಬಾದಿನಿಂದ ಕಲಬುರಗಿಗೆ ನೀವು 80ರಲ್ಲಿ ಬಂದರೆ ಸಿಗುವುದು ಶೇಕಡಾ ಒಂದರ ಕಾಲು ಭಾಗ, ತಿಂದ ಜೋಳದ ರೊಟ್ಟಿಯ ತೂಕದಲ್ಲೇ ಅದು ಕಳೆದುಹೋದೀತು. ಇನ್ನು ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ನಿಲ್ಲುವ ಬಟ್ಟಲಿನ ಗಾಳಿಕಿಂಡಿ ಹೊರಕ್ಕೆ ತೆರೆದಿರುತ್ತದೆ. ಡಬ್ಬಿಯಲ್ಲಿ ಒತ್ತಡ ಏರಿ ಬಟ್ಟಲಿನಲ್ಲಿ ಏರದಿದ್ದರೆ ಪೆಟ್ರೋಲು ಹರಿಯುವುದೇ ಕಡಿಮೆಯಾಗಿ ಎಂಜಿನ್ ಬಿಸಿಯೇರುತ್ತದೆ. ರ‍್ಯಾಮ್ ಏರ್ ಇದ್ದ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಆ ಕಿಂಡಿಗೂ ಏರ್‌ಬಾಕ್ಸಿನ ಒತ್ತಡವನ್ನೇ ಕೊಡಬೇಕಾಗಿತ್ತು.

ಪ್ರಶ್ನೆ: ರೇಸಿನವರು ಬಳಸುವ ತೆಳು ಫಿಲ್ಟರನ್ನು ನಮ್ಮ ಬೈಕಿನ ಡಬ್ಬಿಗೆ ಹಾಕಬಹುದೇ?
— ಓದುಗರೊಬ್ಬರು, ಸೇಡಂ

ಉತ್ತರ: ಕಲಬುರಗಿ–ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಯ ಹಿಂದೆ ಹತ್ತು ನಿಮಿಷ ಸಾಗಿದವರು ಈ ಪ್ರಶ್ನೆ ಕೇಳಬಾರದಿತ್ತು. ರೇಸ್ ಎಂಜಿನ್ ಓಡುವುದು ಗುಡಿಸಿದ ಟ್ರ್ಯಾಕಿನಲ್ಲಿ, ಅದನ್ನು ಆಗಾಗ ಬಿಚ್ಚಿ ರಿಂಗ್, ಪಿಸ್ಟನ್ ನೋಡುತ್ತಾರೆ. ನಿಮ್ಮ ಎಂಜಿನ್ ಬಿಚ್ಚದೆಯೇ ವರ್ಷಗಟ್ಟಲೆ ಓಡಬೇಕು. ಕಳೆದ ಬೇಸಿಗೆಯಲ್ಲಿ ಇಂಥ ಫಿಲ್ಟರ್ ಹಾಕಿದ್ದ ಒಂದು ಗಾಡಿಯನ್ನು ಮಿಸ್ತ್ರಿಯೊಬ್ಬರು ನನ್ನೆದುರು ಬಿಚ್ಚಿದರು. ಫಿಲ್ಟರ್ ದಾಟಿ ಥ್ರಾಟಲಿಗೆ ಹೋಗುವ ರಬ್ಬರ್ ಕೊಳವೆಯೊಳಗೆ ಬೆರಳಾಡಿಸಿದಾಗ ಬೂದುಬಣ್ಣದ ಜಿಡ್ಡು ಬೆರಳಿಗೆ ಮೆತ್ತಿಕೊಂಡಿತು. ಎರಡು ಬೆರಳ ನಡುವೆ ತಿಕ್ಕಿದರೆ ಉಸುಕಿನಂತೆ ಚುರುಚುರು ಎನ್ನುತ್ತಿತ್ತು. ಆ ಜಿಡ್ಡಿನ ಎಣ್ಣೆ ಕ್ರ್ಯಾಂಕ್‌ಕೇಸಿನಿಂದ (ಎಂಜಿನ್ನಿನ ಕೆಳಭಾಗದ ಪೆಟ್ಟಿಗೆಯಿಂದ) ಡಬ್ಬಿಗೆ ಬರುವ ಉಸಿರುಕೊಳವೆಯದು. ಈ ಕೊಳವೆ ರೇಸ್ ಬೈಕಿನಲ್ಲೂ ಇರುತ್ತದೆ, ಆದರೆ ಅಲ್ಲಿ ಅದು ಟ್ರ್ಯಾಕಿನ ಮೇಲೆ ಎಣ್ಣೆ ಬೀಳದಿರಲಿ ಎಂದು, ಇಲ್ಲಿ ಹೊಗೆ ಊರಿಗೆ ಹರಡದಿರಲಿ ಎಂದು.

ಕಂಪನಿಯ ಫಿಲ್ಟರನ್ನೇ ಹಾಕಿ, ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ಬದಲಿಸಿ. ಎಣ್ಣೆ ಹಚ್ಚಿದ ಕಾಗದದ ಫಿಲ್ಟರಿಗೆ ಕಂಪ್ರೆಸರ್ ಗಾಳಿ ಹೊಡೆಸಬೇಡಿ. ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಫಿಲ್ಟರಿನ ಆಚೆ, ಎಂಜಿನ್ ಕಡೆಯ ಬದಿಯ ಗೋಡೆಗೆ ತೆಳುವಾಗಿ ಗ್ರೀಸ್ ಸವರಿ, ಒಂದು ವಾರ ಓಡಿಸಿ, ಮತ್ತೆ ತೆರೆದು ನೋಡಿ. ಗ್ರೀಸಿನ ಮೇಲೆ ಧೂಳಿನ ಗೆರೆ ಕಂಡರೆ ರಬ್ಬರ್ ಸೀಲ್ ಬದಲಿಸಬೇಕು.