ರಿಪೋರ್ಟಿನ ಹಸಿರು ಗುರುತು

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

26ರ ಹುಡುಗಿ, ತಾಯಿಯ ಬಲವಂತಕ್ಕೆ ಬಂದಿದ್ದಳು. ಅಕ್ಕನಿಗೆ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ), ಕಿಡ್ನಿಗೂ ತಗುಲಿದೆ. ಅಮೆರಿಕದಲ್ಲಿರುವ ಅಣ್ಣ ಎಂಜಲು ಕೊಟ್ಟು ಮಾಡಿಸುವ ಜೀನ್ ಪರೀಕ್ಷೆಯ ಕಿಟ್ ತಂದುಕೊಟ್ಟಿದ್ದ.

“ನೋಡಿ ಮೇಡಂ, ನಂಗಿಲ್ಲ” ಅಂತ ಮೊಬೈಲ್ ಹಿಡಿದಳು. ಲೂಪಸ್‌ಗೆ ನಂಟಿರುವ ಪಿಟಿಪಿಎನ್22 ಅನ್ನೋ ಜೀನ್ ಎದುರು ಹಸಿರು ಗುರುತು, ಅಂದರೆ ಅಪಾಯದ ರೂಪ ಇಲ್ಲ ಅಂತ. ತೋರಿಸುವ ಬೆರಳು ಪೂರ್ತಿ ನೆಟ್ಟಗಾಗಲಿಲ್ಲ.

“ಬೆಳಿಗ್ಗೆ ಹಾಲಿನ ಪ್ಯಾಕೆಟ್ ಕತ್ತರಿಸೋಕೂ ಆಗಲ್ಲ ಇವಳಿಗೆ. ಕೇಳಿದ್ರೆ ರಿಪೋರ್ಟ್ ತೋರಿಸ್ತಾಳೆ” ಅಂದರು ತಾಯಿ.

ಆ ಜೀನ್‌ನ ಅಪಾಯಕಾರಿ ರೂಪ ಮುಖ್ಯವಾಗಿ ಯುರೋಪ್ ಮೂಲದವರದು. ಚೀನಾ, ಜಪಾನ್, ಆಫ್ರಿಕಾದವರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಂತ ಅವರಿಗೆ ಲೂಪಸ್ ಬರುವುದಿಲ್ಲವೇ? ಅಮೆರಿಕದಲ್ಲಿ ಬಿಳಿಯರಿಗಿಂತ ಕಪ್ಪು ಹೆಂಗಸರಲ್ಲೇ ಹೆಚ್ಚು. ಆಫ್ರಿಕಾ ಮೂಲದವರಲ್ಲಿ ಎಪಿಒಎಲ್1 ಜೀನ್‌ನ ಎರಡು ರೂಪಗಳಿವೆ. ನೊಣದ ಕಡಿತದಿಂದ ಹರಡುವ ಆಫ್ರಿಕಾದ ನಿದ್ರಾರೋಗದಿಂದ ಕಾಪಾಡಿದ ಅವೇ, ಲೂಪಸ್ ಬಂದವರ ಕಿಡ್ನಿಯನ್ನು ಬೇಗ ಕೆಡಿಸಬಲ್ಲವು. ಎಸ್‌ಟಿಎಟಿ4ನಂಥ ಜೀನ್‌ಗಳ ಅಪಾಯದ ರೂಪ ಮಾತ್ರ ಹಲವು ಜನಾಂಗಗಳಿಗೂ ಸಮಾನ. ಯಾರದೋ ಅಳತೆಗೆ ಹೊಲಿದ ರವಿಕೆ ನಿಮಗೆ ಕೂರಲಿಲ್ಲ ಅಂದರೆ ಅದರಿಂದ ಏನೂ ತಿಳಿಯುವುದಿಲ್ಲ ಅಂದೆ. ಇಂಥ ರಿಪೋರ್ಟಿನ ಕೆಂಪು ಗುರುತಿಗಿಂತ ಹಸಿರಿಗೇ ನಾನು ಹೆಚ್ಚು ಹೆದರುತ್ತೇನೆ.

“ಹಾಗಾದ್ರೆ ಬಂದೇ ಬರುತ್ತಾ?”

ಇಲ್ಲ. 1992ರ ಒಂದು ಅಧ್ಯಯನದಲ್ಲಿ, ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಲೂಪಸ್ ಇದ್ದಾಗ ಇನ್ನೊಬ್ಬರಿಗೂ ಇದ್ದದ್ದು ಶೇ. 24ರಷ್ಟು ಜೋಡಿಗಳಲ್ಲಿ, ತದ್ರೂಪಿಯಲ್ಲದ ಅವಳಿಗಳಲ್ಲಿ ಬರೀ ಶೇ. 2. ಅಕ್ಕತಂಗಿಯರು ಜೀನ್ ಹಂಚಿಕೊಳ್ಳುವುದೂ ಆ ಎರಡನೆಯವರಷ್ಟೇ.

ತಾಯಿ ಮೆಲ್ಲಗೆ, “ನನ್ನ ಕಡೆಯಿಂದ್ಲಾ?” ಅಂದರು. ನೂರಕ್ಕೂ ಹೆಚ್ಚು ಜೀನ್ ತಾಣಗಳು ತಲಾ ಒಂದಿಷ್ಟು ಸೇರಿಸುತ್ತವೆ, ಎರಡೂ ಮನೆಯಿಂದ ಬರುತ್ತವೆ ಅಂದೆ. ಅವರಿಗೆ ಸಮಾಧಾನ ಆದಂತೆ ಕಾಣಲಿಲ್ಲ.

ಕೊಟ್ಟ ಸಲಹೆ: ರಿಪೋರ್ಟ್ ಪಕ್ಕಕ್ಕಿಟ್ಟು ಈ ವಾರವೇ ರುಮಟಾಲಜಿ (ಕೀಲು, ಲೂಪಸ್‌ನಂಥ ಕಾಯಿಲೆ ನೋಡುವ) ಡಾಕ್ಟರಿಗೆ ಕೈ ತೋರಿಸಿ. ಬಿಪಿ, ಮೂತ್ರದ ಪ್ರೋಟೀನ್ ನೋಡಿಸಿ. ಕಿಡ್ನಿ ತೊಂದರೆ ಮೊದಮೊದಲು ನೋವು ಕೊಡುವುದಿಲ್ಲ. ಎಎನ್‌ಎ ಅನ್ನೋ ರಕ್ತ ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಲೂಪಸ್ ಅಲ್ಲ, ಆರೋಗ್ಯವಂತರಲ್ಲೂ ಬರುತ್ತದೆ. ಅಕ್ಕನ ಮಾತ್ರೆ ಡಬ್ಬಿಗೆ ಕೈ ಹಾಕಬೇಡಿ ಅಂದಾಗ ತಾಯಿ ತಲೆ ತಗ್ಗಿಸಿದರು. ಆಗಲೇ ಕೊಟ್ಟಿದ್ದರು. ಎಷ್ಟು ದಿನ ಅಂತ ಡಾಕ್ಟರಿಗೆ ಮುಚ್ಚಿಡದೆ ಹೇಳಿ ಅಂದೆ.

ಬಾಗಿಲ ಹತ್ತಿರ ಹುಡುಗಿ ತಿರುಗಿ ನಿಂತಳು. ಸಂಬಂಧವೊಂದು ಕುದುರುತ್ತಿದೆ, ಗಂಡಿನ ಕಡೆಯವರಿಗೆ ಹೇಳಬೇಕಾ? ಕಾಯಿಲೆ ಇದೆಯೋ ಇಲ್ಲವೋ ಮೊದಲು ಗೊತ್ತಾಗಲಿ. ಇದ್ದರೆ ನಿಶ್ಚಿತಾರ್ಥಕ್ಕೆ ಮುಂಚೆ ಹುಡುಗನಿಗೆ ನೀವೇ ಹೇಳಿ, ಮಧ್ಯಸ್ಥರ ಬಾಯಲ್ಲಿ ಬೇಡ.